ಸಿನಿಮಾದ ಧ್ವನಿಯನ್ನು ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಸರೌಂಡ್ ಪ್ರೊಸೆಸರ್ ಜೋಡಿಸಿ, ಮೈಕ್ ಇಟ್ಟು, ಸ್ಪೀಕರ್‌ಗಳನ್ನು ಅದೇ ಅಳೆದು ಹೊಂದಿಸುವ ಆಟೋ ಸೆಟಪ್ಪನ್ನೂ ಮಾಡಿದೆ. ಆದರೂ ಸಿನಿಮಾದಲ್ಲಿ ಮಾತು ಸ್ಪಷ್ಟವಿಲ್ಲ, ಹಿಂದಿನ ಸ್ಪೀಕರ್‌ಗಳು ಸುಮ್ಮನಿವೆ. ಏನು ಮಾಡಲಿ?
ಹಿಂದಿನ ಸ್ಪೀಕರ್‌ಗಳದ್ದು ಮೊದಲು ನೋಡಿ, ಅದು ಬೇಗ ಮುಗಿಯುತ್ತದೆ. ಪ್ರೊಸೆಸರ್ ಮೆನುವಿನಿಂದ ಟೆಸ್ಟ್ ಟೋನ್ ಹಾಕಿ. ಹಿಂದಿನಿಂದ ಸದ್ದು ಬಂದರೆ ವೈರು, ಪವರ್ ಆಂಪ್ಲಿಫೈಯರ್ ಸರಿಯಾಗಿವೆ. ಆಮೇಲೆ ಸಿನಿಮಾ ಓಡುವಾಗ ಬರುತ್ತಿರುವ ಸಿಗ್ನಲ್ ಯಾವುದೆಂದು ಇನ್ಫೋ ಒತ್ತಿ ನೋಡಿ. ಪಿಸಿಎಂ, ಎರಡು ಚಾನೆಲ್ ಎಂದಿದ್ದರೆ ಟಿವಿಯೋ ಪ್ಲೇಯರೋ ಸ್ಟೀರಿಯೋ ಕಳಿಸುತ್ತಿದೆ. ಅಲ್ಲಿನ ಆಡಿಯೋ ಔಟ್‌ಪುಟ್ಟನ್ನು ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಮಾಡಿ, ಆಗ ಧ್ವನಿ ಅಲ್ಲಿ ಬದಲಾಗದೆ ಹಾಗೆಯೇ ಪ್ರೊಸೆಸರ್‌ಗೆ ಬರುತ್ತದೆ. ಪ್ಲೇಯರನ್ನು ನೇರವಾಗಿ ಪ್ರೊಸೆಸರ್‌ಗೆ ಸಿಕ್ಕಿಸುವುದು ಇನ್ನೂ ಒಳ್ಳೆಯದು. ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಪ್ರೊಸೆಸರ್‌ಗೆ ಮರಳಿಸುವ ಹಳೆಯ ಎಆರ್‌ಸಿಯಲ್ಲಿ ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ ಧ್ವನಿ ದಾಟುವುದಿಲ್ಲ, ಅದಕ್ಕೆ ಎಆರ್‌ಸಿಯ ಹೊಸ ರೂಪವಾದ ಇಎಆರ್‌ಸಿ ಬೇಕು.

ಮಾತಿನ ವಿಷಯಕ್ಕೆ ಬಂದರೆ, ನನ್ನ ಪ್ರಕಾರ ಮೆನುವಿಗಿಂತ ಮೊದಲು ಕೋಣೆಯಲ್ಲಿ ಕೈ ಆಡಿಸಬೇಕು. ಸಂಭಾಷಣೆ ಬಹುಪಾಲು ಬರುವುದು ಮುಂದೆ ನಡುವಿನಲ್ಲಿರುವ ಸೆಂಟರ್ ಸ್ಪೀಕರ್‌ನಿಂದ. ಅದು ಟಿವಿ ಕೆಳಗಿನ ಗೂಡಿನೊಳಗೆ ಹಿಂದಕ್ಕೆ ಕೂತಿದ್ದರೆ ಎಂಥ ಪ್ರೊಸೆಸರ್ ತಂದರೂ ಅದನ್ನು ಪೂರ್ತಿ ಸರಿಪಡಿಸಲಾರದು. ಅಂಚಿನವರೆಗೆ ಮುಂದಕ್ಕೆ ತನ್ನಿ, ಮುಖ ಎತ್ತಿ ಕೂತವರ ಕಿವಿಯತ್ತ ತಿರುಗಿಸಿ. ನೀವು ಕೂತ ಜಾಗದಿಂದ ಎಡ ಬಲದ ಸ್ಪೀಕರ್‌ಗಳು ಸೆಂಟರ್‌ನಿಂದ ಸುಮಾರು 30 ಡಿಗ್ರಿ ಆಚೀಚೆ, 5.1ರಲ್ಲಿ, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ಇರುವ ಜೋಡಣೆಯಲ್ಲಿ, ನೀವು ಹಿಂದಿನವು ಎಂದ ಸರೌಂಡ್‌ಗಳು 110 ಡಿಗ್ರಿಯ ಹತ್ತಿರ ಇರಲಿ. ಅಂದರೆ ತೀರಾ ಬೆನ್ನ ಹಿಂದಲ್ಲ, ಪಕ್ಕಕ್ಕಿಂತ ತುಸು ಹಿಂದೆ.

ಇಷ್ಟಾದ ಮೇಲೆ ಆಟೋ ಸೆಟಪ್ ಮತ್ತೆ ಮಾಡಿ. ಮೈಕನ್ನು ದಯವಿಟ್ಟು ಸೋಫಾದ ಬೆನ್ನಿನ ಮೇಲೆ ಇಡಬೇಡಿ, ಹಿಂದಿನ ಮೆತ್ತೆಗೆ ಬಡಿದು ಬರುವ ಸದ್ದೂ ಅಳತೆಯಲ್ಲಿ ಸೇರುತ್ತದೆ. ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ.

ಫಲಿತಾಂಶವನ್ನು ಹಾಗೆಯೇ ಒಪ್ಪಿಕೊಳ್ಳದೆ ಪಟ್ಟಿ ತೆರೆದು ಓದಿ. ಆಳದ ಬಾಸ್ ನುಡಿಸುವ ಸಬ್‌ವೂಫರ್‌ನ ಲೆವೆಲ್ ಮೈನಸ್ 12 ಡೆಸಿಬಲ್‌ನಂಥ ಕೊನೆಯ ಮಿತಿಗೆ ಅಂಟಿಕೊಂಡಿದ್ದರೆ, ಪ್ರೊಸೆಸರ್‌ಗೆ ಇನ್ನೂ ಇಳಿಸಬೇಕಿತ್ತು, ಆಗಲಿಲ್ಲ ಎಂದು ಅರ್ಥ. ಆಗ ಬಾಸ್ ಮಾತಿನ ಮೇಲೆ ಕಂಬಳಿಯಂತೆ ಬೀಳುತ್ತದೆ. ಸಬ್‌ವೂಫರ್‌ನ ಹಿಂದಿರುವ ವಾಲ್ಯೂಮ್ ತಗ್ಗಿಸಿ ಮತ್ತೆ ಅಳೆಯಿರಿ. ಆದರೆ ಪಟ್ಟಿಯಲ್ಲಿ ಸಬ್‌ವೂಫರ್‌ನ ದೂರ ನಿಜಕ್ಕಿಂತ ಜಾಸ್ತಿ ಕಂಡರೆ ಅದನ್ನು ತಿದ್ದಬೇಡಿ. ಸಬ್‌ವೂಫರ್‌ನೊಳಗಿನ ಸರ್ಕ್ಯೂಟ್ ಧ್ವನಿಯನ್ನು ತಡಮಾಡುತ್ತದೆ. ಒಂದು ಮಿಲಿಸೆಕೆಂಡ್ ತಡವೆಂದರೆ ಸುಮಾರು 34 ಸೆಂಟಿಮೀಟರ್ ಹೆಚ್ಚು ದೂರವಿದ್ದ ಹಾಗೆ, ಯಂತ್ರ ಅದನ್ನೂ ಸೇರಿಸಿ ಹೇಳುತ್ತಿದೆ.

ಮುಂಭಾಗದ ಎಡ, ಬಲ, ಸೆಂಟರ್ ಸ್ಪೀಕರ್‌ಗಳನ್ನು ಪ್ರೊಸೆಸರ್ ಲಾರ್ಜ್ ಎಂದು ಗುರುತಿಸಿದ್ದರೆ ಸ್ಮಾಲ್ ಮಾಡಿ, ಕ್ರಾಸ್‌ಓವರ್, ಅಂದರೆ ಯಾವ ಮಟ್ಟದ ಕೆಳಗಿನ ಬಾಸ್ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸ್‌ಗೆ ಇಡಿ. ಸ್ಪೀಕರ್‌ಗಳು ತೀರಾ ಪುಟ್ಟವಾದರೆ 100 ಅಥವಾ 120. ದೊಡ್ಡ ಸ್ಪೀಕರ್ ಕೊಂಡವರಿಗೆ ಇದು ನೋವಿನ ಮಾತೆಂದು ಗೊತ್ತು, ಆದರೆ ಅದು ಗಾತ್ರದ ತೀರ್ಪಲ್ಲ, ಆಳದ ಬಾಸನ್ನು ಯಾರು ಹೊರಬೇಕೆಂಬ ಹಂಚಿಕೆ ಅಷ್ಟೆ. ಆ ಹೊರೆ ಇಳಿದ ಸೆಂಟರ್ ಮಾತನ್ನು ಹಗುರವಾಗಿ ನುಡಿಸುತ್ತದೆ. ಸಬ್‌ವೂಫರ್‌ನ ಸ್ವಂತ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ಎರಡು ಫಿಲ್ಟರ್‌ಗಳು ಒಂದರ ಮೇಲೊಂದು ಕೂರುತ್ತವೆ.

ಇಷ್ಟಾದರೂ ಮಾತು ಕಡಿಮೆ ಎನಿಸಿದರೆ ಸೆಂಟರನ್ನು 1 ಅಥವಾ 2 ಡೆಸಿಬಲ್ ಏರಿಸಿ. ರಾತ್ರಿ ಮೆಲ್ಲಗೆ ನೋಡುವಾಗ ಡೈನಾಮಿಕ್ ರೇಂಜ್ ಕಂಪ್ರೆಷನ್ ಹಾಕಿ, ಪಿಸುಮಾತು ಮೇಲೆ ಬಂದು ಸ್ಫೋಟಗಳು ತಗ್ಗುತ್ತವೆ. ಸರೌಂಡ್‌ಗಳನ್ನು ಮಾತ್ರ ಸುಮ್ಮನೆ ಏರಿಸಬೇಡಿ. ಇಬ್ಬರೇ ಕೂತು ಮಾತಾಡುವ ದೃಶ್ಯದಲ್ಲಿ ಅವುಗಳಿಗೆ ಹೆಚ್ಚು ಕೆಲಸವಿರುವುದಿಲ್ಲ.