ಮೈಲುತುತ್ತು, ಕತ್ತಿ, ಆದೇಶ ಸಂಧಿ

ಕೇರಳದ ಶಾಲೆಗೆ ಹೋಗಿ ಕನ್ನಡದಲ್ಲಿ ವಿಜ್ಞಾನ ಹೇಳುವುದು ಎಂತಕ್ಕೆ, ಅದೂ ಹುಡುಗಿಯರಿಗೇ ಯಾಕೆ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೂತವರಿಗೆ ಇದು ವಿಚಿತ್ರ ಅನಿಸುವುದು ಸಹಜ. ಹೇಳ್ತೇನೆ.

ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು, ಶಾಲೆಗಳಲ್ಲಿ ಕನ್ನಡ ಉಳಿಯಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇವತ್ತಿಗೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲೇ ಓದಬಹುದು, ಪುಸ್ತಕವನ್ನು ಕೇರಳ ಸರಕಾರವೇ ಅಚ್ಚು ಹಾಕಿಸುತ್ತದೆ. (ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ಮಾಷ್ಟ್ರಾಗಿ ಹಾಕುವ ರಗಳೆ ಆಗಾಗ ಏಳುತ್ತದೆ, ಅದನ್ನು ಹೇಳಹೊರಟರೆ ರಾತ್ರಿಯಾದೀತು.) ನಿಜವಾದ ಕಷ್ಟ ಹತ್ತು ದಾಟಿದ ಮೇಲೆ. ಪ್ಲಸ್ ಟು (ನಿಮ್ಮ ಪಿಯುಸಿ) ಸಾಯನ್ಸಿನ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ ಮಾತಾಡಿಕೊಂಡು, ಶಾಲೆಯಲ್ಲಿ ಕನ್ನಡ ಓದಿದವಳು ಒಂದೇ ಬೇಸಗೆ ರಜೆಯಲ್ಲಿ ಎರಡು ಹೊಳೆ ದಾಟಬೇಕು. ಹುಡುಗರಾದರೆ ಪುತ್ತೂರಿಗೋ ಮಂಗಳೂರಿಗೋ ಪಿಯುಸಿಗೆ ಹೋಗುತ್ತಾರೆ. ಹುಡುಗಿಯಾದರೆ ಮನೆಯವರ ಮೊದಲ ಪ್ರಶ್ನೆ, "ಸಂಜೆ ಬಸ್ಸು ಎಷ್ಟು ಗಂಟೆಗೆ?" ನನ್ನ ಅಕ್ಕ ಹತ್ತರಲ್ಲಿ ನನಗಿಂತ ಹೆಚ್ಚು ಮಾರ್ಕು ತೆಗೆದವಳು. ಬಸ್ಸಿನ ಲೆಕ್ಕದಲ್ಲೇ ಕಾಮರ್ಸಿಗೆ ಸೇರಿದಳು.

ನಮ್ಮದು ವಿಶ್ವವಿದ್ಯಾಲಯದಲ್ಲಿ ಎಮ್ಮೆಸ್ಸಿ, ಪಿಎಚ್‌ಡಿ ಮಾಡುವ ಹುಡುಗಿಯರ ಸಣ್ಣ ವಿಜ್ಞಾನ ಕೂಟ. ಶನಿವಾರ ಒಂದೊಂದು ಶಾಲೆಗೆ ಹೋಗಿ ಎಂಟು, ಒಂಬತ್ತನೇ ಕ್ಲಾಸಿನ ಹುಡುಗಿಯರ ಜೊತೆ ಕೂರುತ್ತೇವೆ. ಮೊದಲ ಸಲ ಮೇರಿ ಕ್ಯೂರಿಯ ಸ್ಲೈಡು ಕಟ್ಟಿಕೊಂಡು ಹೋಗಿದ್ದೆವು. ಕರೆಂಟೂ ಇರಲಿಲ್ಲ, ಯಾರಿಗೂ ಬೇಕಾಗಿರಲೂ ಇಲ್ಲ. ಆಮೇಲೆ ತಲಶ್ಶೇರಿಯಲ್ಲಿ ಹುಟ್ಟಿ ಕಬ್ಬಿನ ತಳಿಯ ಮೇಲೆ ಕೆಲಸ ಮಾಡಿದ ಜಾನಕಿ ಅಮ್ಮಾಳ್ ಬಗ್ಗೆ ಹೇಳಿದಾಗ ಸ್ವಲ್ಪ ಕಿವಿ ನೆಟ್ಟಗಾಯಿತು, ಯಾಕೆಂದರೆ ತಲಶ್ಶೇರಿ ರೈಲಿನಲ್ಲಿ ಹೋಗಿ ಬರುವ ಊರು.

ಎಣ್ಮಕಜೆ ಕಡೆ ಹೋಗುವಾಗ ಇನ್ನೊಂದು ಉಂಟು. ಅಲ್ಲಿನ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಚಿಮುಕಿಸಿದ್ದು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಆ ವಿಷ ಮೈಗೆ ಸೇರಿದೆಯಾ ಅಂತ ಅಲ್ಲಿನ ಪಡ್ರೆಯ ಶಾಲೆ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಮತ್ತೆ ಬಂದ ಸರ್ವೆಯವರಿಗೆ ಲೆಕ್ಕ ಇಲ್ಲ. ಹಾಗಾಗಿ ನಮ್ಮ ಪೆಟ್ಟಿಗೆ ನೋಡಿದ ಒಬ್ಬರು ಅಜ್ಜಿ ಗೇಟಿನಲ್ಲೇ ಕೇಳಿದರು: "ರಕ್ತ ತೆಗೀಲಿಕ್ಕೆ ಬಂದದ್ದಾ ಮಗಾ?" ಅಲ್ಲ ಅಜ್ಜೀ, ಆಟ ಆಡ್ಲಿಕ್ಕೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಆ ದಿನ ಮಾಡಿದ್ದು ಎಲ್ಲ ಶಾಲೆಯಲ್ಲೂ ಮಾಡುವ ಪ್ರಯೋಗವೇ. ಗಾಜಿನ ಲೋಟದಲ್ಲಿ ಮೈಲುತುತ್ತಿನ (ತಾಮ್ರದ ಸಲ್ಫೇಟಿನ) ನೀಲಿ ನೀರು, ಅದರಲ್ಲಿ ಕಬ್ಬಿಣದ ಮೊಳೆ. ಕಣ್ಣೂರಿನ ನನ್ನ ಗೆಳತಿ ಮಲಯಾಳದ "ಆದೇಶ ರಾಸಪ್ರವರ್ತನಂ" ಅಂದಳು. ನಾನು ಕರ್ನಾಟಕದ ಪುಸ್ತಕದ ಪದ ತೆಗೆದು "ಸ್ಥಾನಪಲ್ಲಟ ಕ್ರಿಯೆ" ಅಂದೆ. ಎರಡಕ್ಕೂ ಮುಖಗಳು ಖಾಲಿ.

ಮೊಳೆ ಕೆಂಪಾಗುತ್ತಾ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಇದು ಅಪ್ಪ ಮದ್ದು ಬಿಡುವಾಗ ಕತ್ತಿ ಅದ್ದಿ ನೋಡುವುದಲ್ವಾ ಅಕ್ಕಾ?"

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ, ಎಳೆ ಕಾಯಿ ಕೊಳೆತು ಉದುರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಕಮ್ಮಿಯಾದರೆ ಮದ್ದು ಕಾಯಿಯನ್ನೇ ಸುಡುತ್ತದೆ. ಹಾಗಾಗಿ ಡ್ರಮ್ಮಿಗೆ ಕತ್ತಿ ಅದ್ದಿ ನೋಡುವುದು. ಅಲಗಿಗೆ ಕೆಂಪು ಹತ್ತಿದರೆ ಇನ್ನೂ ತಾಮ್ರ ಬಿಡಿಯಾಗಿ ಉಂಟು, ಸುಣ್ಣ ಸುರಿ ಅಂತ ಲೆಕ್ಕ. ನಾನೂ ಅಡಿಕೆ ತೋಟದವಳೇ, ಚಿಕ್ಕಂದಿನಿಂದ ನೋಡಿದ್ದೇನೆ. ಲ್ಯಾಬಿನಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ!

ಅಷ್ಟರಲ್ಲಿ ಅವಳ ಪಕ್ಕದವಳು ಎದ್ದಳು. "ಆದೇಶ ಅಂದ್ರೆ ಆದೇಶ ಸಂಧಿಯ ಆದೇಶವಾ? ಮಳೆ, ಕಾಲ, ಮಳೆಗಾಲ. ಕ ಹೋಗಿ ಗ ಬಂದ ಹಾಗೆ ಕಬ್ಬಿಣ ಹೋಗಿ ತಾಮ್ರ ಬಂತಾ?"

ಕಣ್ಣೂರಿನವಳಿಗೆ ನಾನು ಅದನ್ನು ಮಲಯಾಳಕ್ಕೆ ತಿರುಗಿಸಿ ಹೇಳಿದೆ. ಅವಳು ನೋಟ್‌ಬುಕ್ ತೆಗೆದು ಬರೆದುಕೊಂಡಳು.

ನಾನು ಸ್ವಲ್ಪ ತಿದ್ದಹೋದೆ. ಕಬ್ಬಿಣ ಮಾಯ ಆಗುವುದಿಲ್ಲ, ನೀರಿನೊಳಗೆ ಸೇರಿಕೊಳ್ಳುತ್ತದೆ, ನೋಡಿ, ನೀಲಿ ಮಾಸಿ ಹಸಿರಾಗ್ತಾ ಉಂಟು ಅಂದೆ. "ಹಾಗಾದ್ರೆ ಸಂಧಿಯಲ್ಲಿ ಕ ಎಲ್ಲಿಗೆ ಹೋಗ್ತದೆ?" ಅಂದಳು. ಕನ್ನಡ ಟೀಚರು ಬಾಗಿಲಲ್ಲೇ ನಿಂತಿದ್ದರು, ಅವರೂ ನಕ್ಕರು, ಉತ್ತರ ಕೊಡಲಿಲ್ಲ.

ಮುಂದಿನ ಶನಿವಾರ ಆ ಶಾಲೆಗೆ ಕೆಂಪು ಲಿಟ್ಮಸ್ ಕಾಗದ ಒಯ್ಯಲಿಕ್ಕುಂಟು. ಸುಣ್ಣ ಸಾಕಷ್ಟು ಬಿದ್ದಿದ್ದರೆ ಅದು ನೀಲಿಗೆ ತಿರುಗುತ್ತದೆ. ಹಿಂದಿನ ಬೆಂಚಿನವಳು ಈ ಸಲ ಅಪ್ಪನ ಡ್ರಮ್ಮನ್ನು ತಾನೇ ಪರೀಕ್ಷೆ ಮಾಡುತ್ತಾಳಂತೆ. ಮದ್ದಿಗೆ ಅದ್ದಿದ ಕತ್ತಿಯನ್ನು ಯಾರೂ ತೊಳೆಯುವುದಿಲ್ಲ ಅಂತ ಅಮ್ಮನ ದೂರೂ ಉಂಟಂತೆ.