ವೈರಸ್ ಮೈಗೆ ಹೊಕ್ಕ ಕೂಡಲೇ ಇಂಟರ್‌ಫೆರಾನ್ ಏನು ಮಾಡುತ್ತದೆ?

ಮಳೆಗಾಲ ಬಂದರೆ ಬೆಂಗಳೂರಿನಲ್ಲಿ ಡೆಂಗಿ ಮಾತೇ ಜಾಸ್ತಿ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹೊಸ ವೈರಸ್ಸಿಗೆ ಆಂಟಿಬಾಡಿ ತಯಾರಾಗಲು ದಿನಗಳೇ ಬೇಕು. ಇಂಟರ್‌ಫೆರಾನ್‌ಗೆ, ಅಂದರೆ ಜೀವಕೋಶಗಳು ಹೊರಬಿಡುವ ಎಚ್ಚರಿಕೆಯ ಪ್ರೋಟೀನಿಗೆ, ಕೆಲವು ಗಂಟೆ ಸಾಕು. ಜೀವಕೋಶದೊಳಗೆ ರಿಗ್-ಐ ಎಂಬ ಪ್ರೋಟೀನ್ ಇದೆ. ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ ವಸ್ತು) ಕಂಡರೆ ಅದು ಗುರುತು ಹಿಡಿಯುತ್ತದೆ. ಆಗ ಆ ಕೋಶ ಇಂಟರ್‌ಫೆರಾನ್ ತಯಾರಿಸಿ ಹೊರಗೆ ಬಿಡುತ್ತದೆ. ಇದು ತಾನೇ ವೈರಸ್ಸನ್ನು ಕೊಲ್ಲುವುದಿಲ್ಲ. ‘ಕಳ್ಳ ಬಂದಿದ್ದಾನೆ, ಬಾಗಿಲು ಹಾಕ್ಕೊಳ್ಳಿ’ ಅಂತ ಅಕ್ಕಪಕ್ಕದವರಿಗೆ ಕೂಗಿದ ಹಾಗೆ, ಅಷ್ಟೆ.

ಕೂಗು ಕೇಳಿದ ಕೋಶಗಳಲ್ಲಿ ನೂರಾರು ಜೀನ್‌ಗಳು ಚುರುಕಾಗುತ್ತವೆ. ಆಮೇಲೆ ವೈರಸ್ ಒಳಗೆ ಬಂದರೆ ಪಿಕೆಆರ್ ಎಂಬ ಪ್ರೋಟೀನ್, ಕೋಶದ ಪ್ರೋಟೀನ್ ತಯಾರಿಕೆಯನ್ನೇ ತಡೆಯುತ್ತದೆ. ಆರ್‌ಎನ್‌ಏಸ್-ಎಲ್ ಎಂಬ ಕಿಣ್ವ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಕೋಶಕ್ಕೂ ನಷ್ಟವೇ, ಆದರೆ ವೈರಸ್ಸಿಗೆ ಮರಿ ಹಾಕಲು ಜಾಗ ಸಿಗುವುದಿಲ್ಲ. ಜ್ವರ, ಮೈಕೈ ನೋವಿನಲ್ಲೂ ಇಂಟರ್‌ಫೆರಾನ್ ಪಾಲಿದೆ. ಎಲ್ಲವೂ ವೈರಸ್ಸಿನ ಕೆಲಸ ಅಲ್ಲ.

1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇಂಟರ್‌ಫೆರಾನನ್ನು ಕಂಡುಹಿಡಿದದ್ದು ಕೋಳಿಮೊಟ್ಟೆಯ ಪೊರೆ ಮತ್ತು ಫ್ಲೂ ವೈರಸ್ ಬಳಸಿ.

ಹಾಗಿದ್ದರೆ ಡೆಂಗಿ ಹೇಗೆ ಗೆಲ್ಲುತ್ತದೆ ಅಂತೀರಾ? ಇಂಟರ್‌ಫೆರಾನ್ ಸಂದೇಶವನ್ನು ಜೀನ್‌ಗಳಿಗೆ ಮುಟ್ಟಿಸುವುದು ಸ್ಟ್ಯಾಟ್2 ಎಂಬ ಪ್ರೋಟೀನ್. ಡೆಂಗಿ ವೈರಸ್ಸಿನ ಎನ್‌ಎಸ್5 ಎಂಬ ಪ್ರೋಟೀನ್ ಅದನ್ನೇ ನಾಶ ಮಾಡಿಸುತ್ತದೆ. ಕಿಲಾಡಿ ವೈರಸ್ ಅಲ್ವಾ! ಆದರೆ ಇಲಿಯ ಸ್ಟ್ಯಾಟ್2 ಮೇಲೆ ಈ ಆಟ ನಡೆಯಲ್ಲ. ಮಾಮೂಲಿ ಇಲಿಗಳಲ್ಲಿ ಡೆಂಗಿ ಅಷ್ಟಾಗಿ ಬೆಳೆಯದಿರಲು ಇದೂ ಒಂದು ಕಾರಣ.