ಬಾಟಲಿಯ ಮೇಲಿನ ಗೆರೆ: ಮದ್ದೂರಿನ ಓದುಗರೊಬ್ಬರಿಗೆ ಉತ್ತರ

ಕ್ರಿಸ್ತನಲ್ಲಿ ಪ್ರಿಯ ಸಹೋದರಿ,

ನಿಮ್ಮ ಪತ್ರ ಮೈಸೂರಿನ ನಮ್ಮ ಕಚೇರಿಗೆ ತಲುಪಿದೆ. ನೀವು ಕೇಳಿಕೊಂಡಂತೆ ಹೆಸರನ್ನು ಪ್ರಕಟಿಸದೆ, ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮ ಯಜಮಾನರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಗಿದೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಅವರನ್ನು ಡಯಾಲಿಸಿಸ್‌ಗೆಂದು ಮಂಡ್ಯಕ್ಕೆ ಕರೆದೊಯ್ಯುತ್ತೀರಿ. ದಿನಕ್ಕೆ ಅವರು ಕುಡಿಯಬಹುದಾದಷ್ಟು ನೀರನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿ, ಸಂಜೆಗೆ ಎಷ್ಟು ಉಳಿದಿರಬೇಕೆಂದು ಪೆನ್ನಿನಿಂದ ಗೆರೆ ಎಳೆದಿಡುತ್ತೀರಿ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ನಿಮ್ಮ ವಿಶ್ವಾಸ ಸಾಲದೆಂದರು. ಇನ್ನೊಬ್ಬರು, ದೇವರು ತಾನು ಪ್ರೀತಿಸುವವರನ್ನೇ ಶಿಕ್ಷಿಸುತ್ತಾನೆ ಎಂದರು. ಅಂದಿನಿಂದ ಆರಾಧನೆಯಲ್ಲಿ ಹಾಡಲು ನಿಮಗೆ ಬಾಯಿ ಬರುತ್ತಿಲ್ಲ. ‘ಈ ನೋವಿಗೆ ಏನು ಅರ್ಥ?’ ಎಂದು ಕೇಳಿದ್ದೀರಿ.

ಆ ಎರಡು ಮಾತುಗಳನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಅಪೊಸ್ತಲ ಪೌಲನ ವಿಶ್ವಾಸಕ್ಕೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ತಾನು ಶರೀರದ ಮುಳ್ಳು ಎಂದು ಕರೆದ ಬಾಧೆಯನ್ನು ತೆಗೆದುಬಿಡೆಂದು ಆತ ಮೂರು ಸಾರಿ ಬೇಡಿಕೊಂಡರೂ ಮುಳ್ಳು ಹೋಗಲಿಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಸ್ನೇಹಿತರಂತೂ ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಕೆಟ್ಟದ್ದು, ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ಹೇಳತೊಡಗಿದ ಮೇಲೆ. ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ತನ್ನ ಪರವಾಗಿ ಅಷ್ಟೆಲ್ಲ ವಾದಿಸಿದ ಆ ಸ್ನೇಹಿತರ ಮೇಲೆ. ಇದನ್ನು ನಮ್ಮ ಕೂಟಗಳಲ್ಲಿ ಇನ್ನೂ ಹೆಚ್ಚು ಸಲ ಓದಬೇಕು.

ನಿಮ್ಮ ಪತ್ರದ ಒಂದು ಸಾಲು ಮತ್ತೆ ಮತ್ತೆ ನೆನಪಾಗುತ್ತಿದೆ. ಮದ್ದೂರಿನ ಎಳನೀರಿನ ರಾಶಿಗಳನ್ನು ದಾಟುವಾಗ ನಿಮ್ಮ ಯಜಮಾನರು ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಾರೆ ಎಂದಿದ್ದೀರಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಅದನ್ನು ಹೊರಹಾಕಲಾರದ ದೇಹದಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಊರಿಗೆಲ್ಲ ತಂಪೆರೆಯುವುದು ಅವರಿಗೆ ವಿಷ. ಅದನ್ನು ಓದುವಾಗ, ಶುಭ ಶುಕ್ರವಾರ ನಾವು ಧ್ಯಾನಿಸುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ನುಡಿಗಳಲ್ಲಿ ಐದನೆಯದು ನೆನಪಾಯಿತು: ‘ನನಗೆ ದಾಹವಾಗಿದೆ.’ ಉಳಿದ ಆರರ ಮೇಲೆ ದೀರ್ಘ ಪ್ರಸಂಗ ಮಾಡುವ ನಾವು ಈ ನುಡಿಯನ್ನು ಬೇಗ ದಾಟಿಬಿಡುತ್ತೇವೆ. ಅಥವಾ ಅದು ಆತ್ಮಗಳಿಗಾಗಿ ಆತನಿಗಿದ್ದ ದಾಹವೆಂದು ವ್ಯಾಖ್ಯಾನಿಸುತ್ತೇವೆ. ಅದು ಮೊದಲು ಒಣಗಿದ ನಾಲಿಗೆಯ ಮಾತು. ನೋವು ಏಕೆ ಬಂತೆಂಬುದಕ್ಕೆ ಶಿಲುಬೆ ಉತ್ತರ ಹೇಳುವುದಿಲ್ಲ. ನಿಮ್ಮ ಯಜಮಾನರ ಬಾಯಾರಿಕೆಯನ್ನು ದೇವರ ಮಗನು ತನ್ನ ಬಾಯಲ್ಲೇ ಬಲ್ಲನೆಂದು ಹೇಳುತ್ತದೆ. ನಾನು ಹಿಡಿದುಕೊಂಡಿರುವ ಅರ್ಥ ಅಷ್ಟೇ, ಅದರ ಆಚೆಗಿನದನ್ನು ನಿಮ್ಮ ಮೇಲೆ ಹೊರಿಸಲು ನನಗೆ ಧೈರ್ಯವಿಲ್ಲ.

ನೋವನ್ನು ಸುಮ್ಮನೆ ಸಹಿಸುವುದೇ ಭಕ್ತಿ ಎಂದು ಇದರಿಂದ ತಿಳಿಯಬೇಡಿ. ಹಾಗಿದ್ದರೆ, ಮೈಸೂರಿನಲ್ಲಿ ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು 1906ರಲ್ಲಿ ತೆರೆಯುವ ಅಗತ್ಯವೇ ಇರಲಿಲ್ಲ. ಮೂತ್ರಪಿಂಡ ಕಸಿಗಾಗಿ, ಮೃತರು ದಾನ ಮಾಡಿದ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ್ದೀರಿ. ಆದರೆ ಅಲ್ಲಿಂದ ಕರೆ ಬರುವುದೆಂದರೆ ಇನ್ನೊಂದು ಮನೆಯಲ್ಲಿ ಸಾವು ಸಂಭವಿಸಿದೆಯೆಂದೇ ಅರ್ಥ, ಅದಕ್ಕಾಗಿ ಹೇಗೆ ಪ್ರಾರ್ಥಿಸಲಿ ಎಂದು ಸಂಕೋಚಪಟ್ಟಿದ್ದೀರಿ. ಆ ಸಾವನ್ನು ನೀವು ಬೇಡುತ್ತಿಲ್ಲ. ಯಾರೆಂದು ಗೊತ್ತಿಲ್ಲದ ಆ ಮನೆಯವರನ್ನು ಈಗಿನಿಂದಲೇ ನಿಮ್ಮ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ.

ಕನ್ನಡ ಸತ್ಯವೇದವು ಭರವಸೆಗೆ ‘ನಿರೀಕ್ಷೆ’ ಎಂಬ ಪದವನ್ನು ಬಳಸುತ್ತದೆ. ಅದರೊಳಗೆ ನೋಡುವ ಕಣ್ಣೂ ಇದೆ, ಕಾಯುವ ಸಂಕಟವೂ ಇದೆ. ಎಲ್ಲವೂ ಸರಿಹೋಗುತ್ತದೆಂಬ ಸಮಾಧಾನದ ಮಾತಿಗಿಂತ ಅದು ಭಾರವಾದದ್ದು, ಏಕೆಂದರೆ ದೇವರು ಪ್ರತಿಯೊಂದು ಕಣ್ಣೀರನ್ನೂ ಒರಸಿಬಿಡುವ ದಿನವನ್ನು ಎದುರುನೋಡುವವನು ಆ ದಿನ ಇನ್ನೂ ಬಂದಿಲ್ಲವೆಂದು ಒಪ್ಪಿಕೊಂಡೇ ಕಾಯಬೇಕು. ಮರಣವನ್ನು ಗೆದ್ದು ಎದ್ದ ಯೇಸು ಶಿಷ್ಯ ತೋಮನಿಗೆ ತೋರಿಸಿದ ಕೈಗಳಲ್ಲಿ ಮೊಳೆಯ ಗುರುತುಗಳಿದ್ದವು. ಪುನರುತ್ಥಾನವು ಅವುಗಳನ್ನು ಅಳಿಸಿಹಾಕಲಿಲ್ಲ. ಆದ್ದರಿಂದಲೇ, ಈ ಎರಡು ವರ್ಷ ನೀವು ಅಳೆದು ಕೊಟ್ಟ ನೀರಿನ ಒಂದು ಗುಟುಕೂ ದೇವರ ಮುಂದೆ ಮರೆತುಹೋಗುವುದಿಲ್ಲವೆಂದು ನಾನು ನಂಬುತ್ತೇನೆ.

ಹಾಡಲಾಗದ ಭಾನುವಾರಗಳಲ್ಲಿ ಸುಮ್ಮನೆ ಕುಳಿತಿರಿ, ಪಕ್ಕದವರು ಹಾಡಲಿ. ಮನೆಯಲ್ಲಿ 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದು ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಬರುವ ಮಂಗಳವಾರ ನಾನು ಮಂಡ್ಯಕ್ಕೆ ಬರುವವನಿದ್ದೇನೆ. ಡಯಾಲಿಸಿಸ್ ಮುಗಿಯುವವರೆಗಿನ ನಾಲ್ಕು ಗಂಟೆಯೂ ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕುಳಿತಿರುತ್ತೇನೆಂದು ಬರೆದಿದ್ದೀರಲ್ಲ, ನಿಮ್ಮ ಒಪ್ಪಿಗೆಯಿದ್ದರೆ ಅಂದು ನಾನೂ ಅಲ್ಲಿ ಕುಳಿತಿರುತ್ತೇನೆ. ಮಾತಾಡಲೇಬೇಕೆಂದಿಲ್ಲ.

ಸಂಪಾದಕ